ಶಾಲಾ ಮಗುವಿಗೆ ‘ರ’ ಕಲಿಸುವುದು ಹೇಗೆ: ಮನೆ, ತರಗತಿ, ಥೆರಪಿ ಕೊಠಡಿಗೆ ಹಂತ ಹಂತದ ಮಾರ್ಗದರ್ಶಿ

ಶಾಲೆಗೆ ಹೋಗುವ ಮಕ್ಕಳ ಉಚ್ಚಾರದ ತೊಂದರೆಗಳಲ್ಲಿ ‘ರ’ ಬಾರದಿರುವುದು ತೀರ ಸಾಮಾನ್ಯ. ಅಂಗನವಾಡಿಯಲ್ಲಿ ಮುದ್ದಾಗಿ ಕೇಳಿಸಿದ ಮಾತು ಮೂರನೇ ತರಗತಿಗೆ ಬರುವ ಹೊತ್ತಿಗೆ ಗೇಲಿಯ ವಸ್ತುವಾಗಿರುತ್ತದೆ. ‘ಮರ’ ಎನ್ನಲು ಹೋಗಿ ‘ಮಲ’ ಎಂದ ಮಗು ಮರುದಿನದಿಂದ ಗಟ್ಟಿಯಾಗಿ ಓದಲು ಎದ್ದು ನಿಲ್ಲುವುದನ್ನೇ ಬಿಡಬಹುದು.

ಇದಕ್ಕೆಂದು ಅಂತರ್ಜಾಲದಲ್ಲಿ ಸಿಗುವ ವಿಡಿಯೊಗಳು, ವರ್ಕ್‌ಶೀಟ್‌ಗಳು ಹೆಚ್ಚಾಗಿ ಅಮೆರಿಕದ ಇಂಗ್ಲಿಷಿನ ‘ಆರ್’ ಕಲಿಸುವಂಥವು. ಆ ಧ್ವನಿಯಲ್ಲಿ ನಾಲಿಗೆಯ ತುದಿ ಎಲ್ಲಿಗೂ ತಾಗುವುದಿಲ್ಲ. ನಾಲಿಗೆ ಹಿಂದಕ್ಕೆ ಮುದುಡಿಕೊಳ್ಳುತ್ತದೆ, ತುಟಿ ಸ್ವಲ್ಪ ದುಂಡಗಾಗುತ್ತದೆ. ಕನ್ನಡದ ‘ರ’ದಲ್ಲಿ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿರುವ ಒಸಡಿನ ದಿಣ್ಣೆಗೆ ಒಮ್ಮೆ ಬಡಿದು ಕೆಳಗಿಳಿಯುತ್ತದೆ. ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅಂಥ ಎರಡು ಮೂರು ಪಾಲಿನಲ್ಲಿ ಆ ಬಡಿತ ಮುಗಿದುಹೋಗುತ್ತದೆ. ಹಾಗಾಗಿ ‘ನಾಲಿಗೆ ಹಿಂದಕ್ಕೆ ಎಳೆ, ತುಟಿ ಮುಂದೆ ಚಾಚು’ ಎಂಬ ಸಲಹೆಯನ್ನು ಕನ್ನಡದ ಮಗುವಿಗೆ ಕೊಟ್ಟರೆ ‘ರೊಟ್ಟಿ’ ಹೋಗಿ ‘ವೊಟ್ಟಿ’ ಬರುತ್ತದೆ. ಇಲ್ಲಿನ ಹಂತಗಳು ಕನ್ನಡದ ‘ರ’ಕ್ಕೆ, ಅದು ಕನ್ನಡ ಪದಗಳಲ್ಲಿ ಕೂರುವ ಜಾಗಗಳಿಗೆ ಹೊಂದುವಂಥವು.

ಮೊದಲು: ಇದು ತೊಂದರೆಯೇ?

ಕನ್ನಡದ ಧ್ವನಿಗಳಲ್ಲಿ ‘ರ’ ತಡವಾಗಿ ಬರುವವುಗಳ ಸಾಲಿಗೆ ಸೇರಿದ್ದು. ಐದು ವರ್ಷದ ಆಸುಪಾಸಿನಲ್ಲಿ ಬಹುತೇಕ ಮಕ್ಕಳಿಗೆ ಅದು ಕೂತಿರುತ್ತದೆ. ನಾಲ್ಕರ ಮಗುವಿಗೆ ಬಾರದಿದ್ದರೆ ಕಾಯಬಹುದು. ಆರು ದಾಟಿದ ಮೇಲೂ ಎಲ್ಲ ಕಡೆ ತಪ್ಪುತ್ತಿದ್ದರೆ ‘ದೊಡ್ಡವನಾದ ಮೇಲೆ ತಾನಾಗಿ ಬರುತ್ತದೆ’ ಎಂದು ಕೂರಬೇಡಿ.

ಆಡುಮಾತಿನ ಬಗೆಯನ್ನು ತೊಂದರೆ ಎಂದು ಎಣಿಸಬಾರದು. ಹಳೇ ಮೈಸೂರಿನ ಕಡೆ ‘ಬರ್ತೀನಿ’ ಎಂಬುದು ‘ಬತ್ತೀನಿ’ ಆಗುತ್ತದೆ, ‘ಹಾಲು’ ಎಂಬುದು ‘ಆಲು’ ಆಗುತ್ತದೆ. ಮನೆಮಂದಿಯೆಲ್ಲ ಹಾಗೆ ಮಾತಾಡುತ್ತಿದ್ದರೆ ಮಗುವಿನ ನಾಲಿಗೆಯಲ್ಲಿ ಯಾವ ದೋಷವೂ ಇಲ್ಲ. ಅದೇ ಮಗು ‘ಕುರಿ’ ಎಂಬುದನ್ನು ‘ಕುಯಿ’ ಎಂದರೆ, ಮನೆಯವರು ‘ಕುರಿ’ ಎನ್ನುತ್ತಿದ್ದರೆ, ಆಗ ನೋಡಬೇಕು. ಹಾಗೆಯೇ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಬೆಳೆಯುತ್ತಿರುವ ಕನ್ನಡದ ಮಗು ‘ರಾಗಿ’ಗೆ ಇಂಗ್ಲಿಷಿನ ‘ಆರ್’ ಹಾಕಿದರೆ ಅದು ಸುತ್ತಲಿನ ಭಾಷೆಯ ಛಾಯೆಯೇ ಹೊರತು ಥೆರಪಿ ಬೇಕಾದ ಸಮಸ್ಯೆಯಲ್ಲ.

ಕೆಲವು ಮಕ್ಕಳನ್ನು ಮನೆಯ ಅಭ್ಯಾಸಕ್ಕೆ ಕೂರಿಸುವ ಮೊದಲೇ ವಾಕ್ ಚಿಕಿತ್ಸಕರಿಗೆ ತೋರಿಸಬೇಕು: ನಾಲ್ಕೈದು ಧ್ವನಿಗಳು ಒಟ್ಟಿಗೆ ತಪ್ಪುವವರು, ಮನೆಯ ಹೊರಗಿನವರಿಗೆ ಮಾತೇ ಅರ್ಥವಾಗದವರು, ಮಾತಾಡುವಾಗ ಮೂಗಿನಿಂದ ಗಾಳಿ ಸೋರುವವರು, ಉಗ್ಗುವವರು, ವಾಕ್ಯ ಕಟ್ಟಲು ಅಥವಾ ಹೇಳಿದ್ದನ್ನು ಗ್ರಹಿಸಲು ಒದ್ದಾಡುವವರು, ಜೊಲ್ಲು ನಿಲ್ಲದವರು, ಗಟ್ಟಿ ಆಹಾರ ಅಗಿಯಲಾರದವರು, ಮೊದಲು ಚೆನ್ನಾಗಿದ್ದ ಮಾತು ಈಚೆಗೆ ಕೆಟ್ಟವರು. ಈ ಮಕ್ಕಳಿಗೆ ಒಂದೇ ಅಕ್ಷರ ಹಿಡಿದು ತಿದ್ದುವುದರಿಂದ ಪ್ರಯೋಜನವಿಲ್ಲ, ಬೇರೆ ದಾರಿಯೇ ಬೇಕು. ಮುಂದಿನ ಹಂತಗಳು ‘ರ’ ಒಂದನ್ನೇ, ಹೆಚ್ಚೆಂದರೆ ಅದರ ಜೊತೆ ಇನ್ನೊಂದು ಧ್ವನಿಯನ್ನು ತಪ್ಪಿಸುವ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ.

ಹಂತ 1: ಕಿವಿ ಮತ್ತು ಬಾಯಿ

ಶ್ರವಣ ಪರೀಕ್ಷೆ ಮಾಡಿಸದೆ ಉಚ್ಚಾರ ತಿದ್ದಲು ಕೂರಬೇಡಿ. ಪದೇ ಪದೇ ನೆಗಡಿ, ಕಿವಿ ಸೋರುವಿಕೆ ಇರುವ ಮಕ್ಕಳಿಗೆ ಕೇಳಿಸುವುದು ದಿನದಿಂದ ದಿನಕ್ಕೆ ಏರುಪೇರಾಗುತ್ತದೆ. ಶಾಲಾ ಮಟ್ಟದ ತಪಾಸಣೆಯಲ್ಲಿ ಸಾಮಾನ್ಯವಾಗಿ 1000, 2000, 4000 ಹರ್ಟ್ಸ್‌ಗಳಲ್ಲಿ 20 ಡೆಸಿಬಲ್ ಶಬ್ದ ಎರಡೂ ಕಿವಿಗೆ ಕೇಳುತ್ತದೆಯೇ ಎಂದು ನೋಡುತ್ತಾರೆ. ಒಂದರಲ್ಲಿ ತಪ್ಪಿದರೂ ಪೂರ್ಣ ಪರೀಕ್ಷೆ ಮಾಡಿಸಬೇಕು.

ಬಾಯಿ ನೋಡಲು ಟಾರ್ಚ್ ಸಾಕು. ಬಾಯಿ ಎರಡು ಬೆರಳಗಲ ತೆರೆದಿಟ್ಟು, ದವಡೆ ಅಲುಗಿಸದೆ, ನಾಲಿಗೆಯ ತುದಿಯಿಂದ ಮೇಲಿನ ಹಲ್ಲಿನ ಹಿಂಬದಿ ಮುಟ್ಟಲು ಹೇಳಿ. ತುದಿ ಮೇಲೇಳದೆ ನಡುವೆ ಸೀಳಿದಂತೆ ಬಾಗಿದರೆ ನಾಲಿಗೆಯ ಕೆಳಗಿನ ಪೊರೆ ಗಿಡ್ಡವಿರಬಹುದು, ವೈದ್ಯರಿಗೆ ತೋರಿಸಿ. ಆದರೆ ‘ಲ’, ‘ನ’, ‘ತ’ ಸ್ವಚ್ಛವಾಗಿ ಹೇಳುವ ಮಗುವಿನಲ್ಲಿ ‘ರ’ಕ್ಕೆ ಆ ಪೊರೆ ಅಡ್ಡಿಯಾಗಿರುವುದು ಅಪರೂಪ. ‘ನಾಲಿಗೆ ಕತ್ತರಿಸಿದರೆ ಮಾತು ಸರಿಹೋಗುತ್ತದೆ’ ಎನ್ನುವವರ ಮಾತು ಕೇಳಿ ಶಸ್ತ್ರಚಿಕಿತ್ಸೆಗೆ ಓಡಬೇಡಿ. ಪೊರೆ ಬಿಡಿಸಿದ ಮೇಲೂ ಧ್ವನಿಯನ್ನು ಕಲಿಸಿಯೇ ಬರಿಸಬೇಕಾಗುತ್ತದೆ.

ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ಮೂಗಿಗೆ ನಾಲಿಗೆ ತಾಗಿಸುವ ಕಸರತ್ತು, ಬಲೂನು ಊದುವುದು, ತುಟಿಗೆ ಜೇನು ಹಚ್ಚಿ ನೆಕ್ಕಿಸುವುದು ಇವೆಲ್ಲ ಇಂದಿಗೂ ಅಲ್ಲಲ್ಲಿ ನಡೆದಿವೆ. ಇವುಗಳಿಂದ ‘ರ’ ಬರುವುದಿಲ್ಲ. ಮಾತಿನ ಚಲನೆ ಕಲಿಯಲು ಮಾತನ್ನೇ ಅಭ್ಯಾಸ ಮಾಡಬೇಕು. ನೆಕ್ಕುವುದನ್ನು ಅಭ್ಯಾಸ ಮಾಡಿದವರು ನೆಕ್ಕುವುದರಲ್ಲಿ ಪಳಗುತ್ತಾರೆ, ಅಷ್ಟೆ.

ಹಂತ 2: ತಪ್ಪಿನ ಪಟ್ಟಿ ಮಾಡಿ

‘ರ ಬರಲ್ಲ’ ಎನ್ನುವುದು ಸಾಲದು. ಎಲ್ಲಿ ಬರುವುದಿಲ್ಲ, ಬದಲಿಗೆ ಏನು ಬರುತ್ತದೆ ಎಂಬುದು ಬೇಕು. ಈ 20 ಪದಗಳಿಗೆ ಚಿತ್ರ ಅಥವಾ ವಸ್ತು ಹೊಂದಿಸಿಕೊಳ್ಳಿ:

ನಡುವೆ: ಮರ, ಕುರಿ, ಕಾರು, ಬೇರು, ನೂರು, ಕುದುರೆ
ಮೊದಲಲ್ಲಿ: ರೊಟ್ಟಿ, ರೈಲು, ರಾಗಿ, ರಂಗೋಲಿ
ಒತ್ತಾಗಿ: ಚಿತ್ರ, ಚಂದ್ರ, ಚಕ್ರ, ಪ್ರಾಣಿ
ಅರ್ಕಾವೊತ್ತಾಗಿ: ಸೂರ್ಯ, ಬರ್ಫಿ, ಕರ್ಪೂರ
ತೊಡಕಿನವು: ಬೆರಳು, ಹುರುಳಿ, ರಬ್ಬರು

ಚಿತ್ರ ತೋರಿಸಿ ‘ಇದೇನು?’ ಎಂದು ಕೇಳಿ. ನೀವು ಮೊದಲು ಹೇಳಿಕೊಡಬೇಡಿ, ಏಕೆಂದರೆ ಅನುಕರಣೆಯಲ್ಲಿ ಮಕ್ಕಳು ತಮ್ಮ ಸಹಜ ಮಾತಿಗಿಂತ ಚೆನ್ನಾಗಿ ಹೇಳುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಬರೆದುಕೊಳ್ಳಿ. ಈ ಮೊದಲ ರೆಕಾರ್ಡಿಂಗನ್ನು ಅಳಿಸಬೇಡಿ. ಎರಡು ತಿಂಗಳು ಕಳೆದ ಮೇಲೆ ಏನೂ ಬದಲಾಗಿಲ್ಲ ಎಂದು ಮಗುವಿಗೂ ನಿಮಗೂ ಅನ್ನಿಸಿದಾಗ ಬೇಕಾಗುವುದು ಇದೇ.

ತಪ್ಪಿದ ಪದಗಳನ್ನು ಎರಡನೇ ಸುತ್ತಿನಲ್ಲಿ ನೀವು ಹೇಳಿ, ಮಗುವಿನಿಂದ ಹೇಳಿಸಿ. ಅನುಕರಣೆಯಲ್ಲಿ ಒಂದೆರಡಾದರೂ ಸರಿಯಾದರೆ ದಾರಿ ಸಲೀಸು. ಅಂಥ ಪದ ಸಿಕ್ಕರೆ ಸುತ್ತು ಹಾಕಿಟ್ಟುಕೊಳ್ಳಿ, ಮುಂದಿನ ಕೆಲಸವೆಲ್ಲ ಅಲ್ಲಿಂದಲೇ ಶುರು. ಕೆಲವರಿಗೆ ಅದು ‘ಚಿತ್ರ’ ಆಗಿರುತ್ತದೆ, ಕೆಲವರಿಗೆ ‘ಕುರಿ’.

ಕೊನೆಗೆ ಉಕ್ತಲೇಖನದ ಪುಸ್ತಕ ತೆರೆಯಿರಿ. ‘ಮರ’ವನ್ನು ‘ಮಲ’ ಎಂದು ಹೇಳುವ ಮಗು ಬರೆಯುವಾಗಲೂ ‘ಮಲ’ ಎಂದೇ ಬರೆಯುತ್ತಿದೆಯೇ? ಹೌದಾದರೆ ತೊಂದರೆ ನಾಲಿಗೆಯದ್ದು ಮಾತ್ರವಲ್ಲ, ಎರಡು ಧ್ವನಿಗಳ ವ್ಯತ್ಯಾಸವೇ ಮನಸ್ಸಿನಲ್ಲಿ ಗಟ್ಟಿಯಾಗಿಲ್ಲ. ಅಂಥ ಮಗು ಮುಂದಿನ ಹಂತದಲ್ಲಿ ಹೆಚ್ಚು ದಿನ ಇರಬೇಕು.

ಹಂತ 3: ಕಿವಿಗೆ ಮೊದಲು

ಈ ಹಂತದಲ್ಲಿ ಮಗು ‘ರ’ ಹೇಳಬೇಕಾಗಿಲ್ಲ, ಗುರುತಿಸಿದರೆ ಸಾಕು. ಕನ್ನಡದಲ್ಲಿ ಒಂದೇ ಧ್ವನಿಯಿಂದ ಅರ್ಥ ಬದಲಾಗುವ ಜೋಡಿಗಳಿಗೆ ಬರವಿಲ್ಲ. ಮಗುವಿನ ಬಾಯಲ್ಲಿ ಬರುವ ಬದಲಿ ಧ್ವನಿಗೆ ತಕ್ಕ ಸಾಲನ್ನೇ ಆರಿಸಿಕೊಳ್ಳಿ:

‘ರ’ಕ್ಕೆ ‘ಲ’ ಎನ್ನುವವರಿಗೆ: ಸಾರು–ಸಾಲು, ಕಾರು–ಕಾಲು, ಹಾರು–ಹಾಲು, ನೂರು–ನೂಲು, ಅರೆ–ಅಲೆ
‘ರ’ಕ್ಕೆ ‘ಡ’ ಎನ್ನುವವರಿಗೆ: ಕಾರು–ಕಾಡು, ಹಾರು–ಹಾಡು, ಮರಿ–ಮಡಿ, ಬೇರು–ಬೇಡು
‘ರ’ಕ್ಕೆ ‘ಯ’ ಎನ್ನುವವರಿಗೆ: ಬಾರಿ–ಬಾಯಿ, ನಾರಿ–ನಾಯಿ

ಎರಡು ಚಿತ್ರ ಮುಂದಿಟ್ಟು, ನಿಮ್ಮ ಬಾಯಿ ಕಾಣದಂತೆ ಕಾಗದ ಅಡ್ಡ ಹಿಡಿದು ಒಂದು ಪದ ಹೇಳಿ. ಮಗು ಸರಿಯಾದ ಚಿತ್ರ ಮುಟ್ಟಬೇಕು. 20ರಲ್ಲಿ 18 ಸರಿ ಬರುವವರೆಗೆ ಇದು ನಡೆಯಲಿ. ನಂತರ ಆಟ ತಿರುಗಿಸಿ: ನೀವು ಬೇಕೆಂದೇ ‘ಅನ್ನಕ್ಕೆ ಸಾಲು ಹಾಕು’ ಎನ್ನಿ, ಮಗು ನಿಮ್ಮನ್ನು ಹಿಡಿಯಲಿ. ದೊಡ್ಡವರ ತಪ್ಪು ಹಿಡಿಯುವ ಅವಕಾಶ ಸಿಕ್ಕರೆ ಎಂಥ ಸಂಕೋಚದ ಮಗುವೂ ಚುರುಕಾಗುತ್ತದೆ. ಮೂರನೆಯದಾಗಿ, ಮಗುವಿನದೇ ರೆಕಾರ್ಡಿಂಗ್ ಕೇಳಿಸಿ ‘ಇದು ಸರಿಯೋ ಅಲ್ಲವೋ’ ಎಂದು ಕೇಳಿ. ಇದು ಎಲ್ಲಕ್ಕಿಂತ ಕಷ್ಟ. ತನ್ನ ಮಾತಿನ ತಪ್ಪು ತನಗೆ ಕೇಳಿಸದ ಮಗು ಕೊಠಡಿಯಲ್ಲಿ ಚೆನ್ನಾಗಿ ಹೇಳಿ, ಹೊರಗೆ ಹೋಗುತ್ತಿದ್ದಂತೆ ಹಳೆಯ ದಾರಿಗೇ ಮರಳುತ್ತದೆ.

ಕೆಲವು ಮಕ್ಕಳಿಗೆ ಈ ಹಂತ ಒಂದೇ ದಿನದ ಕೆಲಸ. ಅಂಥವರನ್ನು ಇಲ್ಲಿ ಹಿಡಿದಿಡಬೇಡಿ.

ಹಂತ 4: ಧ್ವನಿ ಬರಿಸುವುದು

ಜಾಣ್ಮೆ ಬೇಕಾದದ್ದು ಇಲ್ಲಿ. ಒಂದು ಸಣ್ಣ ಕನ್ನಡಿ ಇಟ್ಟುಕೊಂಡು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ, ಎದುರಿಗೆ ಬೇಡ. ಇಬ್ಬರ ಬಾಯಿಯೂ ಒಂದೇ ಕನ್ನಡಿಯಲ್ಲಿ ಕಾಣಬೇಕು.

ಮೊದಲು ಜಾಗ ಗುರುತಿಸಿ. ‘ನ್ನ್ನ್’ ಎಂದು ಎಳೆದು ಹೇಳಿಸಿ. ನಾಲಿಗೆಯ ತುದಿ ಈಗ ಎಲ್ಲಿದೆ, ಹಲ್ಲಿಗೆ ಅಂಟಿದೆಯೋ ಅದರ ಹಿಂದಿನ ದಿಣ್ಣೆಯ ಮೇಲಿದೆಯೋ ಎಂದು ಕೇಳಿ. ‘ರ’ಕ್ಕೆ ದಿಣ್ಣೆಯೇ ಜಾಗ. ‘ದ’ ಹೇಳುವಾಗ ನಾಲಿಗೆ ಅದಕ್ಕಿಂತ ಮುಂದೆ ಹಲ್ಲಿಗೆ ಒತ್ತುತ್ತದೆ, ‘ಡ’ ಹೇಳುವಾಗ ಹಿಂದೆ ಮಡಚಿಕೊಳ್ಳುತ್ತದೆ. ಇವೆರಡರ ನಡುವಿನ ಜಾಗದಲ್ಲಿ ಮೆಲ್ಲಗೆ ‘ಡ’ ಎನ್ನಿಸಿ. ಕೇಳಲು ಅದು ಇಂಗ್ಲಿಷಿನ ‘ಡಿ’ ತರಹ, ‘ದ’ವೂ ಅಲ್ಲ ‘ಡ’ವೂ ಅಲ್ಲ ಎಂಬಂತಿರುತ್ತದೆ. ಸದ್ಯಕ್ಕೆ ಅದೇ ಬೇಕು.

ಇನ್ನು ವೇಗ. ಆ ‘ಡ’ವನ್ನು ‘ಅ’ಗಳ ನಡುವೆ ಸಿಕ್ಕಿಸಿ: ಅ-ಡ-ಅ-ಡ-ಅ-ಡ. ಮೊದಲು ನಿಧಾನ, ಆಮೇಲೆ ಚುರುಕು, ಆಮೇಲೆ ಚುರುಕೂ ಹಗುರವೂ. ಒತ್ತಡ ಕಡಿಮೆಯಾಗಿ ವೇಗ ಹೆಚ್ಚಿದಂತೆ ‘ಅಡಅಡಅಡ’ ತಾನಾಗಿ ‘ಅರಅರಅರ’ದತ್ತ ಜಾರುತ್ತದೆ. ಅದು ಜಾರಿದ ಕ್ಷಣದಲ್ಲೇ ನಿಲ್ಲಿಸಿ ‘ಇದೇ!’ ಎನ್ನಬೇಕು, ತಡವಾದರೆ ಯಾವುದನ್ನು ಹೊಗಳಿದಿರಿ ಎಂದು ಮಗುವಿಗೆ ತಿಳಿಯುವುದಿಲ್ಲ. ‘ಅದು ರ’ ಎಂದು ಆಗಲೇ ಹೇಳಬೇಡಿ. ‘ರ’ ಎಂದ ಕೂಡಲೇ ಮಗುವಿನ ನಾಲಿಗೆ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ. ‘ಹಗುರ ಡ’ ಎಂದೇ ಕರೆಯಿರಿ. ಎರಡು ಮೂರು ದಿನ ಸ್ಥಿರವಾಗಿ ಬಂದ ಮೇಲೆ ಗುಟ್ಟು ಬಿಟ್ಟುಕೊಟ್ಟರಾಯಿತು.

ಯಾವ ಬದಲಿ ಧ್ವನಿ ಬರುತ್ತದೆ ಎಂಬುದರ ಮೇಲೆ ಕೈಹಿಡಿಯುವ ದಾರಿಯೂ ಬೇರೆ.

‘ಲ’ ಬರುತ್ತಿದ್ದರೆ ತುದಿ ಸರಿಯಾದ ಜಾಗಕ್ಕೇ ಹೋಗುತ್ತಿದೆ, ಆದರೆ ಅಲ್ಲೇ ಅಂಟಿಕೊಂಡಿದೆ, ಗಾಳಿ ನಾಲಿಗೆಯ ಅಂಚುಗಳ ಪಕ್ಕದಿಂದ ಹೋಗುತ್ತಿದೆ. ಅಂಚುಗಳನ್ನು ಮೇಲಿನ ದವಡೆ ಹಲ್ಲುಗಳಿಗೆ ತಾಗಿಸಬೇಕು. ‘ಇ’ ಹೇಳುವಾಗ ಅವು ಅಲ್ಲೇ ಇರುತ್ತವೆ. ಆದ್ದರಿಂದ ಈ ಮಕ್ಕಳಿಗೆ ‘ಅರ’ ಬೇಡ, ‘ಇರಿ’ಯಿಂದ ಶುರು ಮಾಡಿ: ‘ಇ’ ಎಂದು ಎಳೆದು, ಅಂಚು ಬಿಡದೆ ತುದಿ ಮಾತ್ರ ತಟ್ಟಿಸಿ, ‘ಇಡಿ-ಇಡಿ-ಇರಿ’.

‘ಯ’ ಬರುವವರಲ್ಲಿ ತುದಿ ಏಳುವುದೇ ಇಲ್ಲ, ನಾಲಿಗೆಯ ನಡುಭಾಗ ಏಳುತ್ತದೆ. ಕನ್ನಡಿ ಹೆಚ್ಚು ಕೆಲಸಕ್ಕೆ ಬರುವುದು ಇವರಿಗೆ. ಬಾಯಿ ಸ್ವಲ್ಪ ಅಗಲ ತೆರೆಸಿ ‘ಅನ, ಅಲ, ಅಡ’ ಸರಣಿ ಹೇಳಿಸಿ, ಪ್ರತಿ ಸಲವೂ ತುದಿ ಮೇಲೆದ್ದದ್ದು ಕನ್ನಡಿಯಲ್ಲಿ ಕಾಣಲಿ. ಆಮೇಲೆ ವೇಗ.

‘ಡ’ ಬರುವವರಿಗೆ ಅರ್ಧ ಕೆಲಸ ಆಗಿಯೇ ಇದೆ. ಒತ್ತಡ ಇಳಿಸುವುದು, ತುದಿಯನ್ನು ಕೂದಲೆಳೆಯಷ್ಟು ಮುಂದೆ ತರುವುದು, ಇಷ್ಟೇ ಬಾಕಿ. ಮಗುವಿನ ಅಂಗೈ ಮೇಲೆ ನಿಮ್ಮ ಬೆರಳಿನಿಂದ ಮೊದಲು ಗಟ್ಟಿಯಾಗಿ ಕುಟ್ಟಿ ‘ಅಡ’ ಎನ್ನಿ, ಆಮೇಲೆ ತಾಗಿಯೂ ತಾಗದಂತೆ ಸವರಿ ‘ಅರ’ ಎನ್ನಿ. ವ್ಯತ್ಯಾಸ ಚರ್ಮಕ್ಕೆ ತಿಳಿದರೆ ನಾಲಿಗೆಗೂ ಬೇಗ ತಿಳಿಯುತ್ತದೆ.

ಗಂಟಲಿನಲ್ಲಿ ‘ಘ್ರ’ ಎಂದು ಉಜ್ಜುವವರದು ಎಲ್ಲಕ್ಕಿಂತ ಹಟಮಾರಿ ತಪ್ಪು. ಹಲವು ಬಾರಿ ದೊಡ್ಡವರೇ ಕಲಿಸಿದ್ದು ಅದು: ‘ಬಾಯಿ ಮುಕ್ಕಳಿಸಿದ ಹಾಗೆ ಮಾಡು’, ‘ಹುಲಿ ಗುರ್ ಅಂದ ಹಾಗೆ ಮಾಡು’ ಎಂದು ಹೇಳಿಕೊಟ್ಟರೆ ಮಗು ಸದ್ದನ್ನು ಗಂಟಲಿನಲ್ಲಿ ಹುಡುಕಿಕೊಳ್ಳುತ್ತದೆ. ಈ ಮಕ್ಕಳಿಗೆ ‘ರ’ ಎಂಬ ಹೆಸರನ್ನೇ ಕೆಲವು ವಾರ ಎತ್ತಬೇಡಿ, ‘ಹಗುರ ಡ’ದಲ್ಲೇ ಪದಗಳವರೆಗೆ ಹೋಗಿ. ಬಸ್ಸು ಓಡಿಸುವ ‘ಡುರ್ರ್‌ರ್’ ಆಟವೂ ಜಾಗ್ರತೆ: ಕೆಲವರು ಅದನ್ನು ತುಟಿ ಅದುರಿಸಿ, ಕೆಲವರು ಗಂಟಲು ಉಜ್ಜಿ ಮಾಡುತ್ತಾರೆ. ನಾಲಿಗೆಯ ತುದಿಯೇ ಅದುರುತ್ತಿದ್ದರೆ ಮಾತ್ರ ಅದು ನಮಗೆ ಉಪಯೋಗ. ಅಷ್ಟಕ್ಕೂ ಆ ಉದ್ದ ಅದುರುವಿಕೆ ಬರಲೇಬೇಕೆಂದೇನೂ ಇಲ್ಲ. ದಿನನಿತ್ಯದ ಕನ್ನಡಕ್ಕೆ ಒಂದೇ ತಟ್ಟು ಸಾಕು.

ಈ ಹಂತದಲ್ಲಿ ಐದು ನಿಮಿಷದ ಮೇಲೆ ಒಂದೇ ಸಮ ಕೂರಿಸಬೇಡಿ. ನಾಲ್ಕು ವಾರ ಕಳೆದರೂ ಒಮ್ಮೆಯೂ ಸರಿಯಾದ ತಟ್ಟು ಬಾರದಿದ್ದರೆ ಮನೆಯ ಪ್ರಯತ್ನ ನಿಲ್ಲಿಸಿ, ಚಿಕಿತ್ಸಕರ ಕೈಗೆ ಒಪ್ಪಿಸಿ. ತಪ್ಪನ್ನೇ ದಿನವೂ ನೂರು ಸಲ ಹೇಳಿಸಿದರೆ ತಪ್ಪು ಗಟ್ಟಿಯಾಗುತ್ತದೆ.

ಹಂತ 5: ಪದಗಳ ಮೆಟ್ಟಿಲು

ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಕಳೆದ ಶತಮಾನದಲ್ಲಿ ರೂಪಿಸಿದ ಕ್ರಮವೇ, ಅಂದರೆ ಧ್ವನಿ, ಉಚ್ಚಾರಾಂಶ, ಪದ, ವಾಕ್ಯ, ಮಾತುಕತೆ ಎಂಬ ಏರಿಕೆಯೇ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಪದಗಳ ಒಳಗಿನ ಕ್ರಮವನ್ನು ಕನ್ನಡಕ್ಕೆ ತಕ್ಕಂತೆ ಹೊಸದಾಗಿ ಜೋಡಿಸಿಕೊಳ್ಳಬೇಕು. ಇಂಗ್ಲಿಷ್ ಪುಸ್ತಕಗಳಂತೆ ಪದದ ಮೊದಲ ‘ರ’ದಿಂದ ಶುರು ಮಾಡಿದರೆ ಕಷ್ಟ. ತಟ್ಟುವ ಧ್ವನಿಗೆ ಹಿಂದೊಂದು ಸ್ವರದ ಓಟ ಬೇಕು.

1. ಸ್ವರಗಳ ನಡುವೆ: ಅರ, ಇರಿ, ಉರು, ಎರೆ.
2. ಎರಡಕ್ಷರದ ಪದ: ಮರ, ಸರ, ಕುರಿ, ಮರಿ, ಊರು, ನೀರು, ಕೆರೆ, ಹೊರೆ.
3. ‘ತ್ರ’, ‘ದ್ರ’: ಚಿತ್ರ, ಪತ್ರ, ಚಂದ್ರ, ಸಮುದ್ರ. ನಾಲಿಗೆಯ ತುದಿ ಆಗಲೇ ಮೇಲಿರುವುದರಿಂದ ಕೆಲವರಿಗೆ ಇದು ಎರಡನೆಯದಕ್ಕಿಂತ ಸುಲಭ. ಹಾಗಿದ್ದರೆ ಅದಲುಬದಲು ಮಾಡಿ.
4. ಪದದ ಮೊದಲಲ್ಲಿ: ‘ರೊಟ್ಟಿ’ ಎಂದು ನೇರ ಹೇಳಿಸಬೇಡಿ. ‘ಆ ರೊಟ್ಟಿ’, ‘ಆ ರೈಲು’, ‘ಆ ರಾಗಿ’ ಎನ್ನಿಸಿ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ, ಹರಿಯುವ ಮಾತಿನಲ್ಲಿ ಪದದ ಮೊದಲ ‘ರ’ ಕೂಡ ಎರಡು ಸ್ವರಗಳ ನಡುವೆಯೇ ಬೀಳುತ್ತದೆ. ‘ಆ’ ಕ್ರಮೇಣ ಮೆಲ್ಲಗಾಗಲಿ, ಆಮೇಲೆ ಮನಸ್ಸಿನಲ್ಲೇ ಇರಲಿ, ಆಮೇಲೆ ಬಿಡಲಿ.
5. ಅರ್ಕಾವೊತ್ತು: ‘ವರುಷ’ ಎನ್ನಿಸಿ, ನಡುವಿನ ‘ಉ’ ಕಿರಿದು ಮಾಡುತ್ತ ‘ವರ್ಷ’ಕ್ಕೆ ತನ್ನಿ. ‘ಕರುಪೂರ’ದಿಂದ ‘ಕರ್ಪೂರ’, ‘ಸೂರಿಯ’ದಿಂದ ‘ಸೂರ್ಯ’ ಹೀಗೆಯೇ.
6. ‘ಕ್ರ’, ‘ಪ್ರ’, ‘ಗ್ರ’: ಇಲ್ಲೂ ಅದೇ ಉಪಾಯ. ‘ಪಿರಾಣಿ’ಯಿಂದ ‘ಪ್ರಾಣಿ’, ‘ಚಕ್ಕರ’ದಿಂದ ‘ಚಕ್ರ’.
7. ‘ರ’ದ ಜೊತೆ ಲ, ಳ ಇರುವ ಪದ: ಲಾರಿ, ರೈಲು, ಬೆರಳು, ಕೊರಳು, ಮರಳು, ಹುರುಳಿ. ‘ಲ’ ಬದಲಿ ಇದ್ದ ಮಕ್ಕಳು ಎಡವುವುದು ಇಲ್ಲೇ. ‘ಲಾರಿ’ ಎಂಬುದು ‘ರಾರಿ’ ಆದರೆ ಗಾಬರಿಯಾಗಬೇಡಿ, ಹೊಸದಾಗಿ ಕಲಿತದ್ದನ್ನು ಎಲ್ಲ ಕಡೆ ಹಚ್ಚುತ್ತಿರುವ ಲಕ್ಷಣ ಅದು. ಜೋಡಿ ಪದಗಳ ಕಿವಿಯ ಆಟವನ್ನು ಎರಡು ದಿನ ಮತ್ತೆ ಆಡಿಸಿದರೆ ಸಾಕು.
8. ‘ಸರ್ರನೆ’, ‘ಗಿರ್ರನೆ’, ‘ಬುರ್ರನೆ’: ಧ್ವನಿ ಗಟ್ಟಿಯಾದ ಮೇಲೆ ಮಕ್ಕಳು ಇವನ್ನು ಬಿಡುವುದೇ ಇಲ್ಲ.

ಏರುವ, ಇಳಿಯುವ ನಿಯಮ ಸರಳ. ಪ್ರತಿ ಮೆಟ್ಟಿಲಲ್ಲೂ 20 ಪ್ರಯತ್ನದ ಪರೀಕ್ಷೆ ಇಡಿ. ಮೂರು ದಿನ ಸತತವಾಗಿ 16ಕ್ಕಿಂತ ಕಡಿಮೆ ಬಾರದಿದ್ದರೆ ಮೇಲಕ್ಕೆ, 10ಕ್ಕಿಂತ ಕೆಳಗಿಳಿದರೆ ಒಂದು ಮೆಟ್ಟಿಲು ಕೆಳಕ್ಕೆ, ನಡುವೆ ಇದ್ದರೆ ಅಲ್ಲೇ. ‘ಹೆಚ್ಚುಕಡಿಮೆ ಬಂತು’ ಎನ್ನುವುದಕ್ಕೆ ಅಂಕವಿಲ್ಲ.

ನೆಂಟರಿಷ್ಟರು ಬಂದಾಗ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ’ ಹೇಳಿಸುವ ಚಟ ನಮ್ಮಲ್ಲಿದೆ. ಏಳನೇ ಮೆಟ್ಟಿಲು ದಾಟುವವರೆಗೆ ಅದನ್ನು ಖಡಾಖಂಡಿತವಾಗಿ ನಿಲ್ಲಿಸಿ. ಹತ್ತಿರ ಹತ್ತಿರ ಬರುವ ಏಳೆಂಟು ‘ರ’ಗಳು ಸರಿಯಾದ ನಾಲಿಗೆಯನ್ನೂ ಎಡವಿಸಲೆಂದೇ ಇರುವವು.

ದಿನದ ಹತ್ತು ನಿಮಿಷ

ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದಕ್ಕಿಂತ ವಾರಕ್ಕೆ ಐದು ದಿನ ಹತ್ತು ಹತ್ತು ನಿಮಿಷ ಮೇಲು. ಊಟದ ಮುಂಚೆಯೋ ಹಲ್ಲುಜ್ಜಿದ ಮೇಲೋ, ಹೊತ್ತು ಒಂದೇ ಇರಲಿ. ಮೊದಲ ಎರಡು ನಿಮಿಷ ನಿನ್ನೆ ಸುಲಭವಾಗಿದ್ದದ್ದು, ಮುಂದಿನ ಆರು ನಿಮಿಷ ಇಂದಿನ ಮೆಟ್ಟಿಲು, ಕೊನೆಯ ಎರಡು ನಿಮಿಷ ಒಂದು ಮೆಟ್ಟಿಲು ಮೇಲಿನದನ್ನು ಸುಮ್ಮನೆ ಮುಟ್ಟಿ ನೋಡುವುದು.

ಎಣಿಕೆ ಮುಖ್ಯ. ಹತ್ತು ನಿಮಿಷದಲ್ಲಿ 60–70 ಸಲವಾದರೂ ‘ರ’ ಹೇಳಿಸಬೇಕು. ಚಿತ್ರ ಬಣ್ಣ ಮಾಡುತ್ತ ಕೂತು ಎಂಟು ಸಲ ಹೇಳಿಸಿದರೆ ಅದು ಚಿತ್ರಕಲೆಯ ತರಗತಿ. ಅಳಿಗುಳಿ ಮಣೆ ಇದ್ದರೆ ಒಳ್ಳೆಯ ಸಾಧನ: 14 ಗುಳಿಗಳಿಗೆ ಐದೈದು ಹುಣಸೆ ಬೀಜ ಹಾಕಬೇಕು, ಒಂದು ಬೀಜಕ್ಕೆ ಒಂದು ಪದ. ಮಣೆ ತುಂಬಿದಾಗ 70 ಆಯಿತು.

ಆರಂಭದಲ್ಲಿ ಪ್ರತಿ ಪ್ರಯತ್ನಕ್ಕೂ ಸರಿ–ತಪ್ಪು ತಿಳಿಸಿ. ಪದಗಳು ಹಿಡಿತಕ್ಕೆ ಬಂದಂತೆ ಮೂರಕ್ಕೊಮ್ಮೆ, ಐದಕ್ಕೊಮ್ಮೆ ಮಾಡಿ, ನಡುವೆ ‘ನಿನಗೇನನ್ನಿಸಿತು?’ ಎಂದು ಕೇಳಿ. ಕೊನೆಯವರೆಗೂ ನೀವೇ ತೀರ್ಪು ಕೊಡುತ್ತಿದ್ದರೆ ನೀವಿಲ್ಲದ ಕಡೆ ಮಗು ತಿದ್ದಿಕೊಳ್ಳುವುದಿಲ್ಲ. ಪದಗಳನ್ನು ಮೊದಲ ವಾರ ಒಂದೊಂದಾಗಿ ಐದೈದು ಸಲ ಹೇಳಿಸಿ, ನಂತರ ಚೀಟಿಗಳನ್ನು ಕಲಸಿ ಎತ್ತಿಸಿ. ಕಲಸಿದ ಕೂಡಲೇ ಅಂಕ ಇಳಿಯುತ್ತದೆ. ಆದರೂ ಮುಂದೆ ನೆನಪಿನಲ್ಲಿ ನಿಲ್ಲುವುದು ಕಲಸಿ ಕಲಿತದ್ದೇ.

ಇನ್ನೊಂದು ಮಾತು. ‘ತಪ್ಪು, ಇನ್ನೊಮ್ಮೆ’ ಎಂಬುದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ‘ನಾಲಿಗೆ ಅಂಟಿಕೊಂಡಿತು, ಬೇಗ ಬಿಡು’, ‘ತುದಿ ಏಳಲಿಲ್ಲ’ ಎಂದರೆ ತಿಳಿಯುತ್ತದೆ. ಸತತ ಮೂರು ಸಲ ತಪ್ಪಿದರೆ ಆ ಪದ ಅವತ್ತಿಗೆ ಸಾಕು.

ಹಂತ 6: ವಾಕ್ಯ, ಓದು, ಹರಟೆ

ವಾಕ್ಯಕ್ಕೆ ಮೊದಲು ಒಂದೇ ಅಚ್ಚು ಇಟ್ಟುಕೊಳ್ಳಿ: ‘ನನಗೆ ___ ಬೇಕು’. ಖಾಲಿ ಜಾಗದಲ್ಲಿ ಮಾತ್ರ ‘ರ’. ನಂತರ ‘ಅವರು ಮರ ಏರಿದರು’ ಎಂಬಂತೆ ಎಲ್ಲೆಡೆ ‘ರ’.

ಓದಿಗೆ ಮಗುವಿನ ಕನ್ನಡ ಪಠ್ಯಪುಸ್ತಕದ ಒಂದೇ ಪ್ಯಾರಾ ತೆಗೆದುಕೊಂಡು, ‘ರ’ ಇರುವಲ್ಲೆಲ್ಲ ಪೆನ್ಸಿಲ್ ಗೆರೆ ಎಳೆಯಿರಿ. ಅರ್ಕಾವೊತ್ತಿಗೆ ವಿಶೇಷ ಗಮನ ಬೇಕು. ಅದನ್ನು ಬರೆಯುವುದು ವ್ಯಂಜನದ ನಂತರ, ಹೇಳುವುದು ವ್ಯಂಜನಕ್ಕೆ ಮೊದಲು. ಮಗು ‘ಸೂರ್ಯ’ವನ್ನು ‘ಸೂಯ್ರ’ ಎಂದರೆ ನಾಲಿಗೆ ತಪ್ಪಿತೋ ಓದು ತಪ್ಪಿತೋ ಎಂದು ಬೇರ್ಪಡಿಸಿ ನೋಡಿ: ಚಿತ್ರ ತೋರಿಸಿದಾಗ ‘ಸೂರ್ಯ’ ಸರಿಯಾಗಿ ಬಂದರೆ ಅದು ಲಿಪಿಯ ಗೊಂದಲ, ಉಚ್ಚಾರದ್ದಲ್ಲ.

ಪದದಲ್ಲಿ ನೂರಕ್ಕೆ ತೊಂಬತ್ತು ಸರಿ, ಮಾತಿನಲ್ಲಿ ಹತ್ತು ಎಂಬ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ನಿಂತುಹೋಗುವುದು ಸಾಮಾನ್ಯ. ಕಾರಣ, ದಿನವಿಡೀ ತಿದ್ದಲು ಯಾರಿಗೂ ಆಗುವುದಿಲ್ಲ, ತಿದ್ದಿದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ಬದಲಿಗೆ ವಾರಕ್ಕೊಂದು ಪದವನ್ನು ‘ಕಾವಲು ಪದ’ ಎಂದು ಗೊತ್ತು ಮಾಡಿ. ಯಾರು, ಬೇರೆ, ನೀರು, ಸರಿ, ಅವರು, ಬರ್ತಾರೆ: ಈ ಆರು ಪದ ಕನ್ನಡದ ದಿನನಿತ್ಯದ ಮಾತಿನಲ್ಲಿ ಎಷ್ಟು ಬಾರಿ ಬರುತ್ತವೆ ಎಂದರೆ, ಇವಿಷ್ಟು ಸರಿಹೋದರೆ ಕೇಳುವವರಿಗೆ ಮಗುವಿನ ಮಾತೇ ಬದಲಾದಂತೆ ತೋರುತ್ತದೆ. ಆ ವಾರ ಆ ಪದ ತಪ್ಪಿದಾಗ ಮಾತ್ರ ಒಂದು ಸನ್ನೆ, ಮೂಗಿನ ಮೇಲೆ ಬೆರಳಿನಂಥದ್ದು. ಉಳಿದ ‘ರ’ಗಳನ್ನು ಕೇಳಿಸದವರಂತೆ ಬಿಟ್ಟುಬಿಡಿ. ಜೊತೆಗೆ ದಿನಕ್ಕೆ ಐದು ನಿಮಿಷದ ‘ರ ಹೊತ್ತು’: ಅಷ್ಟು ಹೊತ್ತು ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಲಿ, ಶಾಲೆಯಲ್ಲಿ ಏನಾಯಿತು ಹೇಳಲಿ, ಎಲ್ಲ ‘ರ’ಗಳ ಮೇಲೂ ನಿಗಾ ಇರಲಿ. ಐದು ನಿಮಿಷ ಮುಗಿದ ಮೇಲೆ ರಜೆ.

ತರಗತಿಯಲ್ಲಿ

ಶಿಕ್ಷಕರಿಗೆ ಒಂದೇ ಪುಟದ ಚೀಟಿ ಕೊಡಿ: ಮಗು ಈಗ ಯಾವ ಮೆಟ್ಟಿಲಿನಲ್ಲಿದೆ, ಕಾವಲು ಪದ ಯಾವುದು, ಸನ್ನೆ ಏನು. ತರಗತಿಯ ಮುಂದೆ ನಿಲ್ಲಿಸಿ ಹೇಳಿಸುವುದು, ಸರಿಯಾಗುವವರೆಗೆ ಬಿಡದಿರುವುದು ಬೇಡ. ಮೌಖಿಕ ಪರೀಕ್ಷೆಯಲ್ಲಿ ಉಚ್ಚಾರಕ್ಕೆ ಅಂಕ ಕಳೆಯಬೇಡಿ, ಉತ್ತರಕ್ಕೆ ಅಂಕ ಕೊಡಿ. ಗಟ್ಟಿಯಾಗಿ ಓದಿಸಲೇಬೇಕಿದ್ದರೆ ಹಿಂದಿನ ದಿನವೇ ಪ್ಯಾರಾ ತಿಳಿಸಿಬಿಟ್ಟರೆ ಮಗು ಮನೆಯಲ್ಲಿ ಸಿದ್ಧವಾಗಿ ಬರುತ್ತದೆ. ಸಹಪಾಠಿಗಳು ಅಣಕಿಸಿದರೆ ಅದನ್ನು ಅಣಕವೆಂದೇ ನಿಲ್ಲಿಸಬೇಕು. ‘ಅವನಿಗೆ ನಾಲಿಗೆ ಸರಿಯಿಲ್ಲ ಪಾಪ’ ಎಂದು ಸಮಜಾಯಿಷಿ ಕೊಡುವುದು ಅಣಕಕ್ಕಿಂತ ಕೆಟ್ಟದ್ದು.

ಚಿಕಿತ್ಸಕರನ್ನು ಆರಿಸುವಾಗ

ವಾಕ್ ಮತ್ತು ಶ್ರವಣ ವಿಷಯದಲ್ಲಿ ಪದವಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದವರನ್ನೇ ಆರಿಸಿ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ವಾಕ್ ಶ್ರವಣ ವಿಭಾಗ, ಮೈಸೂರು ಮತ್ತು ಧಾರವಾಡದ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆಗಳು ಕನ್ನಡದಲ್ಲೇ ಪರೀಕ್ಷಿಸಬಲ್ಲ ಜಾಗಗಳು. ಸರ್ಕಾರಿ ಶಾಲೆಯ ಮಗುವಾದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗ ಹೆಸರು ಬರೆಸಿ, ಅವರು ಜಿಲ್ಲಾ ಕೇಂದ್ರಕ್ಕೆ ಕಳಿಸಿಕೊಡುತ್ತಾರೆ.

ಮೊದಲ ಭೇಟಿಯಲ್ಲಿ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ಕನ್ನಡದ ಪದಗಳಲ್ಲಿ ನಡೆಯುತ್ತದೆಯೇ? ಅರ್ಧ ಗಂಟೆಯಲ್ಲಿ ಮಗು ಎಷ್ಟು ಸಲ ಆ ಧ್ವನಿ ಹೇಳುತ್ತದೆ? ಮನೆಯಲ್ಲಿ ಏನು ಮಾಡಬೇಕೆಂದು ಪ್ರತಿವಾರ ಬರೆದುಕೊಡುತ್ತೀರಾ? ಇಡೀ ಅವಧಿ ಬರೀ ನಾಲಿಗೆಯ ವ್ಯಾಯಾಮದಲ್ಲೇ ಕಳೆಯುತ್ತಿದ್ದರೆ, ಪೋಷಕರನ್ನು ಎಂದೂ ಒಳಗೆ ಬಿಡದಿದ್ದರೆ ಬೇರೆಯವರನ್ನು ನೋಡಿ. ಒಂದೇ ಧ್ವನಿಯ ತೊಂದರೆ, ಮನೆಯಲ್ಲಿ ತಪ್ಪದ ಅಭ್ಯಾಸ ಎರಡೂ ಇದ್ದಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕೆಲಸ ಮುಗಿಯುತ್ತದೆ.

ಮುಗಿಯಿತು ಎಂದು ತೀರ್ಮಾನಿಸುವುದು ಕೊಠಡಿಯ ಅಂಕದಿಂದಲ್ಲ. ಮಗುವಿಗೆ ತಿಳಿಯದಂತೆ, ಆಟದ ನಡುವೆಯೋ ಜಗಳದ ನಡುವೆಯೋ ಐದು ನಿಮಿಷ ಕೇಳಿಸಿಕೊಂಡು ‘ರ’ಗಳನ್ನು ಎಣಿಸಿ. ಹತ್ತರಲ್ಲಿ ಒಂಬತ್ತು ಸರಿಯಿದ್ದರೆ ದಿನದ ಅಭ್ಯಾಸ ನಿಲ್ಲಿಸಬಹುದು. ಒಂದು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಹಂತ 2ರ ಅದೇ 20 ಪದಗಳನ್ನು ಹೇಳಿಸಿ ನೋಡಿ. ಬೇಸಿಗೆ ರಜೆಯ ನಂತರ ಅಥವಾ ಬಾಯಿಯ ಮುಂಭಾಗದ ಹಾಲುಹಲ್ಲು ಬಿದ್ದಾಗ ಮಾತು ಸ್ವಲ್ಪ ಹಿಂದೆ ಸರಿಯಬಹುದು. ಆಗ ಎರಡನೇ ಮೆಟ್ಟಿಲಿನಿಂದ ಒಂದು ವಾರ ಮತ್ತೆ ಮಾಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.